ಗೆರೆಯವರೆಗೆ ನೀರು

ನಮ್ಮ ಚಿಕ್ಕಪ್ಪನದು ವಿಜಯವಾಡದಲ್ಲಿ ಒಂದು ಸಣ್ಣ ಉಡುಪಿ ಹೋಟೆಲು. ಶುದ್ಧ ಸಸ್ಯಾಹಾರಿ. ಮೀನು ಇದ್ದದ್ದು ಗಲ್ಲಾದ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಮಾತ್ರ. "ಇದನ್ನು ಯಾವಾಗ ಹುರಿದು ಕೊಡ್ತೀರಿ?" ಎಂದು ದಿನಕ್ಕೊಬ್ಬ ಗಿರಾಕಿಯಾದರೂ ಕೇಳಿ ತಾನೇ ನಗುತ್ತಿದ್ದ. ಚಿಕ್ಕಪ್ಪನೂ ಅದನ್ನು ಅಂದೇ ಮೊದಲು ಕೇಳಿದವರಂತೆ ನಗುತ್ತಿದ್ದರು. ಇದೂ ವ್ಯಾಪಾರದ ಒಂದು ಭಾಗ ಅಂತ ನಮ್ಮ ಬಿ.ಕಾಂ. ಪುಸ್ತಕದಲ್ಲೆಲ್ಲೂ ಬರೆದಿಲ್ಲ.

ಸಿಹಿನೀರಿನ ಮೀನು ಎಲ್ಲರ ಮನೆಯಲ್ಲೂ ಇರುತ್ತದೆ. ಕುಂದಾಪುರದವನಿಗೆ ಕಡಲ ಮೀನೇ ಬೇಕು ಎಂಬುದು ಅವರ ಹಟ. ಮೈಮೇಲೆ ಬಿಳಿ ಪಟ್ಟಿಯ ಕಿತ್ತಳೆ ಮೀನು ಎರಡು (ಮಕ್ಕಳು ಅದನ್ನು 'ನೀಮೋ' ಅನ್ನುತ್ತಿದ್ದರು), ನೀಲಿ ಬಣ್ಣದ ಚಿಕ್ಕವು ಮೂರು. ಪೆಟ್ಟಿಗೆ ಇಟ್ಟ ಮರುದಿನವೇ ಮೀನು ಬಿಡುವಂತಿಲ್ಲ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ವಿಷ. ಅದನ್ನು ನೈಟ್ರೈಟ್ ಮಾಡುವ ಸೂಕ್ಷ್ಮಜೀವಿ ಒಂದು, ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವುದು ಇನ್ನೊಂದು. ಇವೆರಡೂ ಮರಳಿನಲ್ಲಿ, ಕಲ್ಲಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಚಿಕ್ಕಪ್ಪ ಬರೀ ನೀರಿಗೆ ದೀಪ ಹಾಕಿ ಕೂತಿದ್ದರಂತೆ. "ನೀರನ್ನು ಸಾಕಿದ್ದೀರಾ?" ಎಂದು ಜನ ಕೇಳುತ್ತಿದ್ದರಂತೆ. ನಿಜ ಹೇಳಬೇಕೆಂದರೆ ಅವರು ಸಾಕುತ್ತಿದ್ದುದು ನೀರನ್ನೇ.

ಕಳೆದ ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಹೋದ ವಾರವೇ ಇಬ್ಬರೂ ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ವಿಶಾಖಪಟ್ಟಣಕ್ಕೆ ಹೊರಟೆವು. ಸುಮಾರು 350 ಕಿಲೋಮೀಟರು, ನೀರು ತರಲಿಕ್ಕೆ! ಪ್ಯಾಕೆಟ್ಟಿನ ಸಮುದ್ರದುಪ್ಪು ಕಲಸಿಯೂ ಮಾಡಬಹುದು. ಅಡುಗೆ ಉಪ್ಪು ಮಾತ್ರ ಆಗದು. ಕಡಲ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಇರುತ್ತವೆ. ಆದರೆ ಚಿಕ್ಕಪ್ಪನದು ಒಂದೇ ಮಾತು: "ಕಡಲ ಮೀನಿಗೆ ಕಡಲ ನೀರೇ ಬೇಕ್." ಬಂದರಿನ ಹತ್ತಿರದ ನೀರಿನಲ್ಲಿ ಎಣ್ಣೆ, ಕೊಳೆ ಇರುವುದರಿಂದ ಮೀನಿನ ಅಂಗಡಿಯ ಮುದುಕರೊಬ್ಬರು ದೋಣಿಯವರಿಗೆ ಹೇಳಿ ದೂರದಿಂದ ತರಿಸಿ, ಸೋಸಿ ಕೊಡುತ್ತಿದ್ದರು. ಇಪ್ಪತ್ತು ಲೀಟರಿನ ಮೂರು ಕ್ಯಾನು. ಹೊರಡುವಾಗ ಅವರು ನನಗೂ ತೆಲುಗಿನಲ್ಲಿ ಪಾಠ ಹೇಳಿದರು. ಉಪ್ಪು, ನೀರು ಎರಡೂ ಅವರಲ್ಲೂ ಅವೇ ಶಬ್ದಗಳಾದ್ದರಿಂದ ಎಲ್ಲ ಅರ್ಥವಾಯಿತು ಅಂದುಕೊಂಡೆ. ನೀರು ಗೆರೆಯಿಂದ ಕೆಳಗೆ ಇಳಿದರೆ 'ಮಂಚಿನೀಳ್ಳು' ಹಾಕು ಎಂದರು. ಮಂಚಿ ಅಂದರೆ ಒಳ್ಳೆಯದು. ಒಳ್ಳೆಯ ನೀರು. ಸರಿ.

ಮೇ ತಿಂಗಳಲ್ಲಿ ಚಿಕ್ಕಪ್ಪ ಹನ್ನೆರಡು ದಿನ ಊರಿಗೆ ಹೋದರು. ಬೆಜವಾಡವನ್ನು 'ಬ್ಲೇಜ್‌ವಾಡ' ಅಂತ ಸುಮ್ಮನೆ ಕರೆಯುವುದಿಲ್ಲ. ಪೆಟ್ಟಿಗೆ ತಂಪಾಗಿರಲಿ ಎಂದು ಮುಚ್ಚಳ ತೆಗೆದು ಫ್ಯಾನು ಹಾಕಿದ್ದೆವು. ದಿನಕ್ಕೆ ನಾಲ್ಕು ಲೀಟರು ಇಳಿಯುತ್ತಿತ್ತು. ನಾನು ನಾಲ್ಕು ಲೀಟರು ತುಂಬುತ್ತಿದ್ದೆ, ವಿಶಾಖಪಟ್ಟಣದ ಕ್ಯಾನಿನಿಂದ. ನೀರು ಸರಿಯಾಗಿ ಗೆರೆಗೆ ಬಂದಾಗ ಲೆಕ್ಕ ತಾಳೆಯಾದಷ್ಟು ಸಂತೋಷ. ಗಾಜಿನ ಅಂಚಿಗೆ ಬಿಳಿ ಪುಡಿ ಕಟ್ಟುತ್ತಿತ್ತು; ಅದನ್ನು ಒರೆಸಿ ಚೊಕ್ಕ ಮಾಡುತ್ತಿದ್ದೆ.

ಟೇಬಲ್ ಒರೆಸುವ ಹುಡುಗ ಶ್ರೀಕಾಕುಳಂ ಕಡೆಯವನು, ನನ್ನದೇ ವಯಸ್ಸು. ಚಿಕ್ಕಪ್ಪ ನಮ್ಮಿಬ್ಬರನ್ನೂ 'ಮಾಣಿ' ಎಂದೇ ಕರೆಯುತ್ತಿದ್ದರು. ಯಾರನ್ನು ಕರೆದರು ಎಂದು ಇಬ್ಬರೂ ತಿರುಗಿ ನೋಡುತ್ತಿದ್ದೆವು. ಒಂದು ದಿನ ನಾನು ಕ್ಯಾನು ಎತ್ತಿದಾಗ ಅವನು ಕುಡಿಯುವ ನೀರಿನ ಜಗ್ಗು ಹಿಡಿದು ಬಂದು "ಮಂಚಿನೀಳ್ಳು, ಮಂಚಿನೀಳ್ಳು" ಎಂದ. ನನಗೆ ಬಾಯಾರಿಕೆಯಿಲ್ಲ ಎಂದು ಕೈಯಾಡಿಸಿದೆ.

ಹನ್ನೆರಡನೆಯ ರಾತ್ರಿ ಐದೂ ಸತ್ತವು. ಕಿತ್ತಳೆಯದೊಂದು ಬಹಳ ಹೊತ್ತು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ನಾನು ಸ್ಟೂಲಿನ ಮೇಲೆ ಕೂತು ನೋಡಿದೆ, ಅಷ್ಟೆ.

ಬೆಳಿಗ್ಗೆ ಚಿಕ್ಕಪ್ಪ ಬಂದರು. "ಎಂತ ಆಯ್ತ್ ಮಾಣಿ ಇದ್ಕೆ?" ನಾನು ಬಾಯಿ ತೆರೆಯುವುದರೊಳಗೆ ಅಡುಗೆಯ ಭಟ್ಟರು, ಆ ಹುಡುಗ ಸೋಪಿನ ಬಟ್ಟೆಯಲ್ಲಿ ಗಾಜು ಒರೆಸಿದ್ದನ್ನು ಕಂಡೆ ಎಂದರು. ಹೌದು, ಹೊರಗಿನಿಂದ ಒರೆಸಿದ್ದ. ಅವನಿಗೆ ಬೈಗುಳ, ಸಂಬಳದಲ್ಲಿ ಎರಡು ಸಾವಿರ ಮುರಿತ. ಅವನು ನನ್ನ ಕಡೆ ನೋಡಿದ. ನಾನು ಬಿಲ್ಲು ಜೋಡಿಸುತ್ತಿದ್ದೆ.

ಅದೇ ಮಧ್ಯಾಹ್ನ ಗಿರಾಕಿಯೊಬ್ಬರು "ಮಂಚಿನೀಳ್ಳು ಇವ್ವು" ಅಂದರು. ಹುಡುಗ ಜಗ್ಗು ತಂದಿಟ್ಟ. ಗಲ್ಲಾದಲ್ಲಿ ಕೂತವನಿಗೆ ದುಡ್ಡಿನ ತೆಲುಗು ಸಾಕಿತ್ತು. ಕುಡಿಯುವ ಸಿಹಿನೀರಿಗೆ ಹಾಗೆನ್ನುತ್ತಾರೆಂದು ಆಗಲೇ ತಿಳಿದದ್ದು. ಹೋಟೆಲು ಮುಚ್ಚಿದ ಹೊತ್ತಿನಲ್ಲಿ ಕಪಾಟಿನಿಂದ ಹೈಡ್ರೋಮೀಟರ್ ತೆಗೆದು ಪೆಟ್ಟಿಗೆಗೆ ಬಿಟ್ಟೆ. 1.025ರ ಹತ್ತಿರ ನಿಲ್ಲಬೇಕಾದ ಗಾಜಿನ ಕಡ್ಡಿ, ಪಟ್ಟಿಯ ಕೊನೆಯ ಗುರುತು 1.030ನ್ನೂ ದಾಟಿ ಮೇಲೆದ್ದು ತೇಲಿತು.

ನೀವೇ ಲೆಕ್ಕ ಹಾಕಿ. ಪೆಟ್ಟಿಗೆಯಲ್ಲಿ 160 ಲೀಟರು, ಲೀಟರಿಗೆ 35 ಗ್ರಾಮಿನಂತೆ 5 ಕಿಲೋ 600 ಗ್ರಾಂ ಉಪ್ಪು. ಆರಿ ಹೋಗುವುದು ನೀರು ಮಾತ್ರ. ಉಪ್ಪು ಅಲ್ಲೇ ಉಳಿಯುತ್ತದೆ. ನಾನು ಹಾಕಿದ 48 ಲೀಟರಿನಲ್ಲಿ ಮತ್ತೆ 1 ಕಿಲೋ 680 ಗ್ರಾಂ. ಒಟ್ಟು ಲೀಟರಿಗೆ 45 ಗ್ರಾಮಿಗೂ ಮೇಲೆ. ನೀರು ಬಿಸಿಯಾದಷ್ಟೂ, ಉಪ್ಪು ಹೆಚ್ಚಿದಷ್ಟೂ ಅದರಲ್ಲಿ ಆಮ್ಲಜನಕ ನಿಲ್ಲುವುದು ಕಡಿಮೆ. ತಾಳೆಪಟ್ಟಿ ಸರಿಬಂದರೂ ಒಳಗೆ ತಪ್ಪು ಇರಬಹುದು ಎಂದು ಮೊದಲ ವರ್ಷದಲ್ಲೇ ಕಲಿತಿದ್ದೆ. ಅದೂ ಬೇಡ, ನಮ್ಮ ಕನ್ನಡ ಶಾಲೆಯಲ್ಲಿ ಉಪ್ಪುನೀರನ್ನು ತಟ್ಟೆಯಲ್ಲಿ ಕಾಯಿಸಿ, 'ನೀರು ಆವಿಯಾಗಿ ಉಪ್ಪು ಉಳಿಯುತ್ತದೆ' ಎಂದು ಬರೆದು ಪೂರ್ತಿ ಅಂಕ ತೆಗೆದವನು ನಾನು.

ಹೈಡ್ರೋಮೀಟರನ್ನು ಒರೆಸಿ ಕಪಾಟಿನಲ್ಲಿಟ್ಟೆ. ಸಂಜೆ ನೀರನ್ನು ಚರಂಡಿಗೆ ಬಿಟ್ಟರು. ವಾರದೊಳಗೆ ಹುಡುಗ ಕೆಲಸ ಬಿಟ್ಟು ಹೋದ.

ಅಕ್ಟೋಬರಿನಲ್ಲಿ ಮತ್ತೆ ಹೋದಾಗ ಹೊಸ ಮೀನುಗಳಿದ್ದವು. ಚಿಕ್ಕಪ್ಪ ಫಿಲ್ಟರಿನ ಸಿಹಿನೀರು ತುಂಬುತ್ತಿದ್ದಾಗ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಕೈಯಲ್ಲಿದ್ದ ಚೊಂಬು ಕೆಳಗಿಟ್ಟರು. "ಇದನ್ನ್ ನಂಗ್ ಹೇಳ್ರೆ ಎಂತ ಆಯ್ತ್? ಅವನಿಗ್ ಹೇಳ್" ಎಂದರು. ಅವನ ಫೋನು ಸ್ವಿಚ್ ಆಫ್. ವಿಶಾಖಪಟ್ಟಣದ ಬೀಚ್ ರಸ್ತೆಯ ಯಾವುದೋ ಹೋಟೆಲಿನಲ್ಲಿದ್ದಾನೆ ಎಂದು ಭಟ್ಟರು ಅಂದರು.

ನೀರು ತರಲು ಹೋದಾಗ ಮುದುಕರು ಹೈಡ್ರೋಮೀಟರ್ ಹಾಕಿ ತೋರಿಸಿದರು. ಕಡಲ ನೀರೇ ತೆಳ್ಳಗಾಗಿತ್ತು. ಮಳೆಗಾಲ ಮುಗಿಯುವಾಗ ಗಂಗೆ, ಬ್ರಹ್ಮಪುತ್ರ, ಮಹಾನದಿಗಳ ನೀರು ತೀರದ ಗುಂಟ ದಕ್ಷಿಣಕ್ಕೆ ಹರಿದು ಬರುವುದರಿಂದ ಇಲ್ಲಿ ಉಪ್ಪು ಇಳಿಯುತ್ತದಂತೆ. ಬೇಸಿಗೆಯಲ್ಲಿ ನಮ್ಮೂರ ಹೊಳೆಬದಿಯ ಬಾವಿ ಉಪ್ಪಾಗಿ ಮಳೆಗಾಲದಲ್ಲಿ ಸಿಹಿಯಾಗುವುದನ್ನು ನೋಡಿದ್ದೆ. ಕಡಲಿಗೂ ಹೀಗಾಗುತ್ತದೆಂದು ಗೊತ್ತಿರಲಿಲ್ಲ. ಪ್ರತಿ ಸಲ ಅಳೆದೇ ಒಯ್ಯಬೇಕು, ಈ ಸಲ ಸ್ವಲ್ಪ ಸಮುದ್ರದುಪ್ಪು ಸೇರಿಸಿ ಎಂದರು. ಈ ಬಾರಿ ಒಂದೊಂದು ಶಬ್ದಕ್ಕೂ ಅರ್ಥ ಕೇಳಿ ಬರೆದುಕೊಂಡೆ.

ಸಂಜೆ ಬೀಚ್ ರಸ್ತೆಯ ನಾಲ್ಕು ಹೋಟೆಲುಗಳಲ್ಲಿ ವಿಚಾರಿಸಿದೆ. ಒಂದರಲ್ಲಿ, ಅಂಥವನೊಬ್ಬ ಇದ್ದ, ಹದಿನೈದು ದಿನದ ಹಿಂದೆ ಬಿಟ್ಟ ಎಂದರು. ಮರುದಿನ ಮಧ್ಯಾಹ್ನದ ರತ್ನಾಚಲಿಗೆ ಕ್ಯಾನು ಹೊತ್ತು ಬಂದೆವು. ನನ್ನ ಸ್ಕಾಲರ್‌ಶಿಪ್ಪಿನಲ್ಲಿ ತೆಗೆದಿಟ್ಟ ಎರಡು ಸಾವಿರ ರೂಪಾಯಿ ಲಕೋಟೆಯಲ್ಲಿ ಹಾಗೇ ಇದೆ.