ಮರಳಿ ಬಂದ ರೋಗ, ಮುಖ ಸೀಳದ ಚಿಕಿತ್ಸೆ

ರೋಗವು ಮೊದಲ ಸಲ ಬಂದಾಗ ಮನುಷ್ಯನು ಅಂಜುತ್ತಾನೆ. ಗುಣವಾಯಿತೆಂದು ನೆಮ್ಮದಿಯಿಂದಿರುವಾಗ ಅದೇ ರೋಗ ಮರಳಿದರೆ ಮನೆಗೆ ಮನೆಯೇ ಅಂಜುತ್ತದೆ. ಮೂಗಿನ ಹಿಂದೆ, ಕಿರುನಾಲಗೆಯ ಮೇಲ್ಗಡೆ ಇರುವ ಗಂಟಲಿನ ಮೇಲ್ಭಾಗದ ಕ್ಯಾನ್ಸರ್ ಅಂತಹ ಒಂದು ವ್ಯಾಧಿ. ಕರ್ನಾಟಕದಲ್ಲಿ ಇದು ವಿರಳ. ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತ ಹಾಗೂ ಹಾಂಗ್‌ಕಾಂಗ್‌ಗಳಲ್ಲಿ ಹೆಚ್ಚು. ನಮ್ಮ ದೇಶದಲ್ಲಿ ನಾಗಾಲ್ಯಾಂಡಿನ ಜನರನ್ನು ಅಧಿಕವಾಗಿ ಕಾಡುತ್ತದೆ. ಎಪ್‌ಸ್ಟೀನ್-ಬಾರ್ ಎಂಬ ವೈರಾಣು, ವಂಶಗುಣ, ಚೀನೀ ಪದ್ಧತಿಯ ಉಪ್ಪುಮೀನಿನ ಸೇವನೆ, ಇವು ಅದರ ಕಾರಣಗಳಲ್ಲಿ ಸೇರಿವೆ.

ಈ ರೋಗಕ್ಕೆ ಮೊದಲ ಮದ್ದು ವಿಕಿರಣ ಚಿಕಿತ್ಸೆ. ಬಹುಮಂದಿ ಅದರಿಂದಲೇ ಗುಣ ಹೊಂದುವರು. ಆದರೆ ಅದೇ ಸ್ಥಳದಲ್ಲಿ ಗಡ್ಡೆ ಮತ್ತೆ ಚಿಗುರಿದಾಗ ಕಷ್ಟ ಎದುರಾಗುತ್ತದೆ. ಒಮ್ಮೆ ವಿಕಿರಣ ಉಂಡ ಅಂಗಾಂಶಕ್ಕೆ ಎರಡನೆಯ ಬಾರಿ ವಿಕಿರಣ ಕೊಟ್ಟರೆ ಆ ಭಾಗ ಕೊಳೆಯುವುದು, ರಕ್ತಸ್ರಾವ, ನುಂಗಲಾರದ ಸ್ಥಿತಿ ಮುಂತಾದ ಅಪಾಯಗಳುಂಟು. ಹಾಂಗ್‌ಕಾಂಗ್‌ನ ವೈದ್ಯ ವಿಲಿಯಂ ವೇ ಮತ್ತು ಸಂಗಡಿಗರು 1991ರಲ್ಲಿ ವಿವರಿಸಿದ ಶಸ್ತ್ರಕ್ರಿಯೆಯಲ್ಲಿ ಮುಖವನ್ನು ಕೊಯ್ದು, ಮೇಲ್ದವಡೆಯನ್ನು ಕದದಂತೆ ಪಕ್ಕಕ್ಕೆ ಸರಿಸಿ ಗಡ್ಡೆ ತೆಗೆಯಬೇಕಾಗಿತ್ತು.

ಅನಂತರ ಬಂದುದು ಎಂಡೋಸ್ಕೋಪ್ ವಿಧಾನ. ದೀಪವೂ ಕ್ಯಾಮೆರಾವೂ ಉಳ್ಳ ಸಣ್ಣ ಕೊಳವೆಯನ್ನು ಮೂಗಿನ ಹೊಳ್ಳೆಯಿಂದ ಒಳಗಿಳಿಸಿ, ಪರದೆಯ ಮೇಲೆ ನೋಡುತ್ತ ಗಡ್ಡೆಯನ್ನು ಸುತ್ತಲಿನ ಅಂಚಿನೊಡನೆ ತೆಗೆಯುವರು. ಗಾಯಕ್ಕೆ ಮೂಗಿನೊಳಗಿನ ಪೊರೆಯನ್ನೇ ಹೊದಿಸುವರು. ಮುಖದ ಮೇಲೆ ಗಾಯವಿಲ್ಲ. ದಕ್ಷಿಣ ಚೀನದ 3 ಆಸ್ಪತ್ರೆಗಳಲ್ಲಿ, ಶಸ್ತ್ರಕ್ರಿಯೆಗೆ ಒಗ್ಗುವಂತಹ ಗಡ್ಡೆಯಿದ್ದ 200 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳ ಬಳಿಕ ಬದುಕಿದ್ದವರು ಎಂಡೋಸ್ಕೋಪ್ ಗುಂಪಿನಲ್ಲಿ ಶೇ. 85.8, ಮರುವಿಕಿರಣದ ಗುಂಪಿನಲ್ಲಿ ಶೇ. 68.

ನಮಗೆ ಪರಿಚಿತರಾದ ಹಿರಿಯರೊಬ್ಬರಿಗೆ ಈ ರೋಗ ಮರುಕಳಿಸಿದಾಗ, "ಶಾಸ್ತ್ರಿಗಳೇ, ಇನ್ನೇನೂ ಬೇಡ, ಬಂದದ್ದು ಬರಲಿ" ಎಂದರು. ಆ ಮಾತಿನಲ್ಲಿ ನಮಗೆ ವೈರಾಗ್ಯ ಕಾಣಲಿಲ್ಲ, ಬಳಲಿಕೆ ಕಂಡಿತು. "ವೈರಾಗ್ಯ ಬೇರೆ, ಬೇಸರ ಬೇರೆ, ಗಡ್ಡೆ ಎಷ್ಟು ದೊಡ್ಡದೆಂಬುದನ್ನಾದರೂ ತಿಳಿದು ನಿರ್ಧರಿಸಿರಿ" ಎಂದು ನಾವು ವಿನಂತಿಸಿದೆವು. ಅವರು ಸ್ಕ್ಯಾನಿಂಗ್‌ಗೆ ಒಪ್ಪಿದರು.

ಈ ವಿಧಾನ ಎಲ್ಲರಿಗೂ ಒಗ್ಗದು. ಗಡ್ಡೆ ಚಿಕ್ಕದಿದ್ದು, ಮೆದುಳಿಗೆ ರಕ್ತ ಒಯ್ಯುವ ದೊಡ್ಡ ಧಮನಿಯಿಂದ ದೂರವಿರಬೇಕು. ನುರಿತ ಕೈ ಬೇಕು. ಆದುದರಿಂದ ಮರಳಿದ ರೋಗವನ್ನು ಬೇಗ ಗುರುತಿಸುವುದೇ ಮುಖ್ಯ. ಕುತ್ತಿಗೆಯಲ್ಲಿ ಗಂಟು, ಒಂದೇ ಕಿವಿ ಮುಚ್ಚಿದಂತಾಗುವುದು, ಸಿಂಬಳದಲ್ಲಿ ರಕ್ತ, ವಸ್ತುಗಳು ಎರಡೆರಡಾಗಿ ಕಾಣುವುದು, ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತೋರಿಸತಕ್ಕದ್ದು. ಒಮ್ಮೆ ಗುಣವಾದವರು ತಪಾಸಣೆಯ ದಿನವನ್ನು ಮುಂದೂಡಬಾರದು. ದೇಹವನ್ನು ಪ್ರಸಾದಕಾಯವೆಂದು ಬಗೆಯುವ ನಮ್ಮ ಮನೆಗಳಲ್ಲಿ, ಆ ದಿನ ರೋಗಿಯ ಜೊತೆಗೆ ಒಬ್ಬರಾದರೂ ಹೋಗಿಬರುವುದೂ ಸೇವೆಯೇ ಸರಿ.