ಎರಡನೆಯ ಸಲ ಮೆಟ್ಟಿಲು ಹತ್ತಿದ ಹುಡುಗ

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಈ ಗಾದೆ ಹುಟ್ಟಿದ ಕಾಲದಲ್ಲಿ ಮಂಡ್ಯ ಸೀಮೆಯಲ್ಲಿ ಜಿಮ್ ಇರಲಿಲ್ಲ. ಆದರೂ ಇವತ್ತು ಈ ಗಾದೆ ಹೆಚ್ಚು ಒಪ್ಪುವುದು ಜಿಮ್ಮಿಗೇ. ಯುಗಾದಿಯ ಮರುದಿನ, ಹೊಸ ವರ್ಷದ ಮೊದಲ ದಿನ, ಪರೀಕ್ಷೆ ಮುಗಿದ ಮರುವಾರ ಹೊಸ ಬೂಟು ಹಾಕಿಕೊಂಡು ಬರುವವರಲ್ಲಿ ಎರಡು ತಿಂಗಳ ಮೇಲೆ ಉಳಿಯುವವರು ಎಷ್ಟು ಮಂದಿ ಎಂದು ಯಾವ ಜಿಮ್ಮಿನ ಮಾಸ್ತರನ್ನು ಕೇಳಿದರೂ ನಕ್ಕು ಸುಮ್ಮನಾಗುತ್ತಾರೆ.

ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಹುಡುಗನೂ ಹೀಗೆಯೇ ಯುಗಾದಿಯ ಮರುದಿನ ಸೇರಿಕೊಂಡವನು. ವಯಸ್ಸು ಹದಿನೆಂಟು. ಓದುವುದು ಮದ್ದೂರಿನಲ್ಲಿ, ಪದವಿಯ ಮೊದಲನೆಯ ವರ್ಷ. ಬೆಳಗಿನ ಬಸ್ಸಿಗೆ ಹೊರಟರೆ ಕಾಲೇಜು ಶುರುವಾಗುವ ಹೊತ್ತಿಗೆ ಮುಂಚೆ ಎರಡು ಗಂಟೆ ಬಿಡುವು. ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿ ಒಂದು ಜಿಮ್ ಇತ್ತು. ಮೂರು ತಿಂಗಳ ಫೀಸು ಒಟ್ಟಿಗೆ ಕಟ್ಟಿದರೆ ಸ್ವಲ್ಪ ಕಡಿಮೆ. ಅಪ್ಪನನ್ನು ಕೇಳುವ ಧೈರ್ಯ ಇರಲಿಲ್ಲ. ಅವ್ವ ಡೇರಿಗೆ ಹಾಲು ಹಾಕಿ ಬಂದ ಬಟವಾಡೆಯಲ್ಲಿ ಉಳಿಸಿಟ್ಟಿದ್ದ ದುಡ್ಡನ್ನು ಎಣಿಸಿ ಕೈಗಿಟ್ಟರು. ಅಪ್ಪ ಕೇಳಿಸಿಕೊಂಡು ಒಂದೇ ಮಾತು ಅಂದರು: ‘ನಾಕು ದಿವ್ಸದ ಆಟ.’

ಮೊದಲ ದಿನವೇ ಹುಡುಗ ಪಕ್ಕದವನು ಎತ್ತಿದ ಭಾರವನ್ನು ತಾನೂ ಎತ್ತಿದ. ಪಕ್ಕದವನು ಮೂರು ವರ್ಷದಿಂದ ಬರುತ್ತಿದ್ದವನು ಎಂಬುದು ಅವನಿಗೆ ತಿಳಿದಿರಲಿಲ್ಲ. ಮರುದಿನ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಕೈ ಏಳಲಿಲ್ಲ. ಮೂರನೆಯ ದಿನ ಅಂಗಿ ಹಾಕಿಕೊಳ್ಳುವುದೇ ಸಾಹಸವಾಯಿತು. ಹೇಗೋ ಹನ್ನೆರಡು ದಿನ ಎಳೆದ. ಕನ್ನಡಿಯಲ್ಲಿ ಮಾತ್ರ ಅದೇ ಹಳೆಯ ಸಣಕಲು ಹುಡುಗ. ಅಷ್ಟರಲ್ಲಿ ಊರಿನಲ್ಲಿ ಹಬ್ಬ ಬಂತು, ಎರಡು ದಿನ ತಪ್ಪಿತು. ಎರಡು ಮೂರಾಯಿತು. ಆಮೇಲೆ ಆ ಮೆಟ್ಟಿಲು ಹತ್ತಲು ನಾಚಿಕೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಇದು ಎಲ್ಲ ಆರಂಭಶೂರರ ಕಥೆ. ಆದರೆ ಅವ್ವನ ಹಾಲಿನ ದುಡ್ಡು ಹುಡುಗನ ಬೆನ್ನ ಮೇಲೆ ಕುಳಿತಿತ್ತು. ಬಿಟ್ಟೆ ಎಂದು ಹೇಳಲಾರ. ಹಾಗಾಗಿ ಎಂದಿನ ಬಸ್ಸಿಗೇ, ಎಂದಿನ ಚೀಲ ಹೊತ್ತು ಹೊರಡುತ್ತಿದ್ದ. ಮದ್ದೂರಿನಲ್ಲಿ ಇಳಿದು ಒಂದು ದಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಇನ್ನೊಂದು ದಿನ ಶಿಂಷಾ ಹೊಳೆಯ ದಡದಲ್ಲಿ ಮೊಬೈಲು ನೋಡುತ್ತಾ ಕೂರುತ್ತಿದ್ದ. ಕೈಯಲ್ಲಿ ಕಾಸಿದ್ದ ದಿನ ಒಂದು ವಡೆ, ಒಂದು ಕಾಫಿ. ಜಿಮ್ಮಿಗೆ ಹೋಗುವುದಕ್ಕಿಂತ ಹೋಗದೆ ಇರುವುದೇ ದೊಡ್ಡ ಶ್ರಮವಾಯಿತು.

ಹುಡುಗ ಲೆಕ್ಕ ಹಾಕದೆ ಬಿಟ್ಟದ್ದು ಒಂದನ್ನು. ಚೀಲದಲ್ಲಿ ಹೋಗುತ್ತಿದ್ದ ಟವೆಲನ್ನು ಒಗೆಯುತ್ತಿದ್ದವರು ಅವ್ವ. ಹದಿನೈದು ದಿನದಿಂದ ಆ ಟವೆಲಿನಲ್ಲಿ ಬೆವರಿನ ವಾಸನೆಯೇ ಇರಲಿಲ್ಲ. ಅವರು ಮಗನನ್ನು ಕೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಜಗಲಿಯ ಮೇಲೆ ಕುಳಿತಿದ್ದ ಮಾವನವರ ಕಿವಿಗೆ ಮೆಲ್ಲಗೆ ಹಾಕಿದರು.

ತಾತ ಹರೆಯದಲ್ಲಿ ಗರಡಿಯಲ್ಲಿ ಸಾಮು ಮಾಡಿದವರು. ಹಳೆ ಮೈಸೂರಿನ ಸೀಮೆಯಲ್ಲಿ ಗರಡಿಮನೆ ಇಲ್ಲದ ದೊಡ್ಡ ಊರು ಅಪರೂಪವಾಗಿದ್ದ ಕಾಲ ಅದು. ಮೈಸೂರಿನಲ್ಲಿ ದಸರಾ ಕುಸ್ತಿ ಎಂದರೆ ಸುತ್ತಿನ ಜಿಲ್ಲೆಗಳ ಪೈಲ್ವಾನರೆಲ್ಲ ಕಾಯುವ ಹಬ್ಬ. ತಾತ ದೊಡ್ಡ ಪೈಲ್ವಾನರೇನೂ ಆಗಲಿಲ್ಲ. ಜಾತ್ರೆಯಲ್ಲಿ ಒಂದೆರಡು ಜೋಡಿ ಹಿಡಿದು, ಒಮ್ಮೆ ಗೆದ್ದು ಒಮ್ಮೆ ಸೋತು ಬೇಸಾಯಕ್ಕೆ ನಿಂತವರು. ಆದರೆ ಎಂಬತ್ತು ದಾಟಿದ ಮೇಲೂ ನೆಲದಿಂದ ಕೈಯೂರದೆ ಏಳುತ್ತಿದ್ದರು.

‘ಬಾ ಮಗ ಇಲ್ಲಿ. ಮೊದಲ್ನೇ ದಿವ್ಸ ಏಸು ಎತ್ತುದ್ಲಾ?’ ಎಂದು ತಾತ ಕೇಳಿದರು.

ಹುಡುಗ ಹೇಳಿದ. ತಾತ ಬೊಚ್ಚುಬಾಯಿ ತುಂಬ ನಕ್ಕರು.

‘ನಮ್ಮ ಉಸ್ತಾದ್ರು ಮೊದಲ್ನೇ ವಾರ ಎತ್ತಕ್ಕೇ ಬುಡ್ಲಿಲ್ಲ ಕಣಪ್ಪ. ಗರಡಿ ಗುಡ್ಸು ಅಂದ್ರು, ಮಟ್ಟಿ ಅಗಿ ಅಂದ್ರು. ಆಮೇಲೆ ಹತ್ತು ಬಸ್ಕಿ, ಐದು ದಂಡ. ಇನ್ನೊಸಿ ಹೊಡಿತೀನಿ ಅಂದ್ರೆ ಕಿವಿ ಹಿಡ್ದು ಮನೆಗೆ ಕಳುಸ್ತಿದ್ರು. ನಾಳೀಕೆ ಬರ್ಬೇಕು ಅನ್ನೋ ಆಸೆ ಒಟ್ಟೇಲಿ ಉಳ್ಕಂಡಿರ್ಬೇಕು ಅನ್ನೋರು.’

ತಾತ ಬಯ್ಯಲಿಲ್ಲ. ಟವೆಲಿನ ಮಾತನ್ನೂ ಎತ್ತಲಿಲ್ಲ. ಹುಡುಗನಿಗೆ ಮಾತ್ರ ಎಲ್ಲ ಅರ್ಥವಾಯಿತು.

ತಾತ ಹೇಳಿದ ಗರಡಿಯ ರೀತಿಯನ್ನು ಬಿಡಿಸಿ ನೋಡಿದರೆ, ಹೊಸಬನನ್ನು ಉಳಿಸಿಕೊಳ್ಳುವ ಉಪಾಯಗಳೆಲ್ಲ ಅದರಲ್ಲೇ ಇದ್ದವು. ಹೊತ್ತು ಗೊತ್ತಾದದ್ದು, ಕೋಳಿ ಕೂಗುವ ಹೊತ್ತು. ಜಾಗ ಗೊತ್ತಾದದ್ದು, ತಲೆ ಬಗ್ಗಿಸಿ ಒಳಗೆ ಹೋಗಬೇಕಾದ ಚಿಕ್ಕ ಬಾಗಿಲು. ಮಣ್ಣು ಮುಟ್ಟಿ ನಮಸ್ಕಾರ ಮಾಡಿದರೆ ಆ ದಿನದ ಸಾಮು ಶುರುವಾದಂತೆ. ಮೈಗೆ ಮೈ ಕೊಡಲು ಒಬ್ಬ ಜೊತೆಗಾರ. ಬಾರದಿದ್ದರೆ ‘ಯಾಕ್ ಬರ್ಲಿಲ್ಲ’ ಎಂದು ಕೇಳಲು ಒಬ್ಬ ಉಸ್ತಾದ್. ದೂರದಲ್ಲಿ ಕಣ್ಣಿಗೆ ಕಾಣುವಂತೆ ಒಂದು ಜಾತ್ರೆ. ಕೆಂಪು ಮಣ್ಣಿನ ಜಾಗದಲ್ಲಿ ರಬ್ಬರಿನ ನೆಲ ಬಂದಿದೆ, ಗದೆಯ ಜಾಗದಲ್ಲಿ ಡಂಬೆಲ್ ಬಂದಿದೆ. ಆದರೆ ಫೀಸು ಕಟ್ಟಿ ಒಬ್ಬನೇ ಕನ್ನಡಿಯ ಮುಂದೆ ನಿಲ್ಲುವ ಹುಡುಗನಿಗೆ ಈ ಆಸರೆಗಳನ್ನು ಯಾರೂ ತಂದು ಕೊಡುವುದಿಲ್ಲ. ಅವನೇ ಕಟ್ಟಿಕೊಳ್ಳಬೇಕು.

ಹಳತನ್ನೂ ಹೊಸತನ್ನೂ ಬೆಸೆದವರು ಕನ್ನಡ ನಾಡಿನಲ್ಲೇ ಆಗಿಹೋಗಿದ್ದಾರೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಓದುಗರಿಗೆ ಪರಿಚಿತರಾದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಹೆಸರಾದವರು. ಅಂಗಸಾಧನೆಯ ಬಗ್ಗೆ 1930ರಲ್ಲೇ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು. ಸೂರ್ಯನಮಸ್ಕಾರವನ್ನೂ ಬಾರ್‌ಬೆಲ್ಲನ್ನೂ ಒಂದೇ ಶಿಸ್ತಿನೊಳಗೆ ತಂದು, ದೂರದ ಊರಿನವರಿಗೆ ಅಂಚೆಯ ಮೂಲಕವೂ ಪಾಠ ಹೇಳಿಕೊಟ್ಟರು.

ದೇಹಶಾಸ್ತ್ರವೂ ತಾತನ ಮಾತಿನ ಪಕ್ಕದಲ್ಲೇ ನಿಲ್ಲುತ್ತದೆ. ರೂಢಿಯಿಲ್ಲದ ಭಾರ ಎತ್ತಿದಾಗ ಸ್ನಾಯುಗಳಲ್ಲಿ ಅತಿ ಸಣ್ಣ ಹರಿತಗಳಾಗುತ್ತವೆ. ಅದರ ನೋವು ಅದೇ ದಿನ ಬರುವುದಿಲ್ಲ. 24ರಿಂದ 72 ಗಂಟೆಗಳ ನಡುವೆ ಏರಿ, ಆಮೇಲೆ ತಾನಾಗಿ ಇಳಿಯುತ್ತದೆ. ಮೊದಲ ದಿನ ಕಡಿಮೆ ಎತ್ತಿದವನಿಗೆ ನೋವೂ ಕಡಿಮೆ. ಇನ್ನು ಕನ್ನಡಿಯ ವಿಷಯ. ಮೊದಲ ಕೆಲವು ವಾರ ಹೆಚ್ಚುವ ಬಲ ಬಹುಪಾಲು ನರಗಳು ಕಲಿತುಕೊಂಡದ್ದರಿಂದ ಬಂದದ್ದು. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಿಕೊಳ್ಳುವುದನ್ನು ಮೈ ಕಲಿಯುತ್ತಿರುತ್ತದೆ. ಕಣ್ಣಿಗೆ ಕಾಣುವ ಮಾರ್ಪಾಡಿಗೆ ಎರಡು ಮೂರು ತಿಂಗಳಾದರೂ ಬೇಕು. ಹನ್ನೆರಡನೆಯ ದಿನ ಕನ್ನಡಿ ನೋಡುವುದು, ಬೀಜ ಬಿತ್ತಿ ವಾರಕ್ಕೇ ಕುಡುಗೋಲು ಹಿಡಿದು ಹೊಲಕ್ಕೆ ಹೋದ ಹಾಗೆ.

ಅಭ್ಯಾಸ ಮೈಗೂಡಲು ಎಷ್ಟು ದಿನ ಬೇಕು? ಇಪ್ಪತ್ತೊಂದು ದಿನ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಂದ ಮಧ್ಯದ ಲೆಕ್ಕ 66 ದಿನ. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನವಾದರೂ ಬೇಕು ಎಂದು ಲೆಕ್ಕ ತೋರಿಸಿತು. ಹುಡುಗನಂಥವರಿಗೆ ಅದರಲ್ಲಿ ಇನ್ನೂ ಮುಖ್ಯವಾದ ಮಾತೊಂದಿದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆಯೇನೂ ಆಗಲಿಲ್ಲ. ಹಬ್ಬಕ್ಕೆ ಎರಡು ದಿನ ತಪ್ಪಿದ್ದರಿಂದ ಹುಡುಗ ಕೆಡಲಿಲ್ಲ. ‘ಇನ್ನೇನು, ತಪ್ಪಿಹೋಯಿತಲ್ಲ’ ಎಂದುಕೊಂಡಿದ್ದರಿಂದ ಕೆಟ್ಟ.

ತಾತ ಕರೆದು ಮಾತಾಡಿದ ಮರುದಿನ ಹುಡುಗ ಎರಡನೆಯ ಸಲ ಆ ಮೆಟ್ಟಿಲು ಹತ್ತಿದ. ಮಾಸ್ತರು ಎಲ್ಲಿ ಹೋಗಿದ್ದೆ ಎಂದು ಕೇಳಲಿಲ್ಲ. ‘ಮೊದಲಿನಿಂದ ಶುರು ಮಾಡೋಣ’ ಎಂದರು. ದಿನಾ ಬೇಡ, ವಾರಕ್ಕೆ ಮೂರು ದಿನ ಸಾಕು. ಸೋಮವಾರ, ಬುಧವಾರ, ಶುಕ್ರವಾರ. ಮುಕ್ಕಾಲು ಗಂಟೆ. ಹನ್ನೆರಡು ಸಲ ಸಲೀಸಾಗಿ ಎತ್ತಬಹುದಾದ ಭಾರ, ಅದಕ್ಕಿಂತ ಹೆಚ್ಚಿಲ್ಲ. ಅದು ಹಗುರವೆನಿಸಿದ ಮೇಲೆಯೇ ಮುಂದಿನದು.

ಉಳಿದದ್ದನ್ನು ಹುಡುಗನೇ ಹೊಂದಿಸಿಕೊಂಡ. ಚೀಲವನ್ನು ರಾತ್ರಿಯೇ ತುಂಬಿ ಬಾಗಿಲ ಹತ್ತಿರ ಇಟ್ಟ. ಅದೇ ಬಸ್ಸಿಗೆ ಬರುತ್ತಿದ್ದ ಪಕ್ಕದ ಬೀದಿಯ ಗೆಳೆಯನನ್ನು ಒಪ್ಪಿಸಿ ಸೇರಿಸಿದ. ಈಗ ಒಬ್ಬ ಬಾರದಿದ್ದರೆ ಇನ್ನೊಬ್ಬ ಬಸ್ಸಿಗೆ ಮುಂಚೆ ಮನೆಯ ಮುಂದೆ ನಿಂತು ಕೂಗುತ್ತಾನೆ. ಎರಡು ರೂಲಿನ ಒಂದು ಹಳೆಯ ನೋಟ್‌ಪುಸ್ತಕದಲ್ಲಿ ಹೋದ ದಿನಕ್ಕೆ ಒಂದು ಗೆರೆ ಎಳೆದ. ತೂಕ ಬರೆಯಲಿಲ್ಲ, ತೋಳಿನ ಸುತ್ತಳತೆ ಬರೆಯಲಿಲ್ಲ. ಬರೀ ಗೆರೆ. ಮೈ ಸರಿಯಿಲ್ಲದ ದಿನ ಹದಿನೈದು ನಿಮಿಷ ಕೈಕಾಲು ಆಡಿಸಿ ಬಂದರೂ ಗೆರೆ ಎಳೆಯಬಹುದು ಎಂದು ತನಗೆ ತಾನೇ ಕಾನೂನು ಮಾಡಿಕೊಂಡ.

ಮಂಡ್ಯದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಅಕ್ಕ ಇದನ್ನೆಲ್ಲ ಫೋನಿನಲ್ಲಿ ಕೇಳಿ ನಕ್ಕಳು. ಅವಳು ಒಂದು ವರ್ಷದಿಂದ ಇಬ್ಬರು ಗೆಳತಿಯರ ಜೊತೆ ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಬೆಳಿಗ್ಗೆ ಸುತ್ತು ಹಾಕುತ್ತಿದ್ದಳು. ಅದಕ್ಕೆ ಫೀಸಿಲ್ಲ, ಕನ್ನಡಿಯಿಲ್ಲ. ‘ಮೂರು ಜನದಲ್ಲಿ ಒಬ್ಬಳಿಗಾದರೂ ದಿನಾ ಎಚ್ಚರ ಆಗುತ್ತೆ ಕಣೋ. ಅವಳು ಉಳಿದ ಇಬ್ಬರನ್ನ ಎಬ್ಬಿಸ್ತಾಳೆ’ ಎಂದಳು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವ ಲೆಕ್ಕದಲ್ಲೂ ಜಿಮ್ಮೇ ಆಗಬೇಕೆಂದಿಲ್ಲ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಶ್ರಮ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಆಟ, ಓಟ.

ಜಿಮ್ಮಿನಲ್ಲಿ ಯಾರೋ ಡಬ್ಬಿಯ ಪುಡಿಯ ಆಸೆ ಹತ್ತಿಸಿದರು. ಬೆಲೆ ಕೇಳಿದರೆ ಅವ್ವನ ಎರಡು ಬಟವಾಡೆ. ಮಾಸ್ತರು ತಡೆದರು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಕಡಲೆಕಾಯಿ ಬೀಜದಲ್ಲಿ ಸುಮಾರು 25, ಒಂದು ಮೊಟ್ಟೆಯಲ್ಲಿ ಸುಮಾರು 6. ಮುದ್ದೆಯ ಜೊತೆ ಮೊಳಕೆ ಹುರುಳಿ ಸಾರು ಉಣ್ಣುವ ಮನೆಯ ಹುಡುಗ ಪುಡಿಗೆ ಸಾಲ ಮಾಡಬೇಕಿಲ್ಲ. ಬೇಗ ಮೈ ಬರಿಸುತ್ತೇವೆಂದು ಯಾರಾದರೂ ಸೂಜಿಮದ್ದಿನ ಮಾತೆತ್ತಿದರೆ ಅಲ್ಲಿಂದ ಎದ್ದು ಬರಬೇಕು. ಆ ಸ್ಟೆರಾಯ್ಡ್‌ಗಳು ಹೃದಯ, ಯಕೃತ್ತುಗಳನ್ನು ಕೆಡಿಸುತ್ತವೆ. ಬೆಳೆಯುವ ವಯಸ್ಸಿನವರ ಎತ್ತರವನ್ನೂ ಕುಂಠಿತ ಮಾಡಬಲ್ಲವು. ಮಗ ಜಿಮ್ಮಿಗೆ ಸೇರಿದಾಗ ತಂದೆತಾಯಿ ಒಮ್ಮೆ ಹೋಗಿ ಹೇಳಿಕೊಡುವವರನ್ನು ನೋಡಿ ಬರುವುದು ಮೇಲು.

ಇಷ್ಟಾದರೂ ಹುಡುಗನ ಎದೆಯಲ್ಲಿ ಒಂದು ಮುಳ್ಳು ಉಳಿದಿತ್ತು. ಗೆರೆಗಳು ಇಪ್ಪತ್ತಾದ ದಿನ ರಾತ್ರಿ ಊಟಕ್ಕೆ ಕುಳಿತಾಗ ಅಪ್ಪನಿಗೆ ತಾನೇ ಹೇಳಿದ. ನಡುವೆ ಮೂರು ವಾರ ಹೋಗಿರಲಿಲ್ಲ, ಹೊಳೆ ದಡದಲ್ಲಿ ಕೂತು ಬರುತ್ತಿದ್ದೆ, ಅವ್ವನ ದುಡ್ಡು ಹಾಳು ಮಾಡಿದೆ ಎಂದ. ಏಟು ಬೀಳುತ್ತದೆ ಎಂದುಕೊಂಡಿದ್ದ. ಅಪ್ಪ ಬಹಳ ಹೊತ್ತು ತಟ್ಟೆ ನೋಡುತ್ತಾ ಕುಳಿತರು.

‘ನಾನೂ ಅಂಗೇ ಕಣಪ್ಪ’ ಎಂದರು ಕೊನೆಗೆ. ‘ಸಕ್ರೆ ಕಾಯ್ಲೆ ಅಂತ ಡಾಕ್ಟ್ರು ದಿನಾ ನಡೀಬೇಕು ಅಂದಿದ್ರಲ್ಲ. ಎಂಟು ದಿವ್ಸ ನಡ್ದೆ. ಆಮೇಲೆ ನಾಲೆ ಏರಿ ಮೇಲೆ ಬೀಡಿ ಸೇದ್ಕಂಡು ಕೂತಿದ್ದು ಬತ್ತಿದ್ದೆ. ನಿಮ್ಮವ್ವಂಗೆ ಹೇಳ್ಬೇಡ.’

ಒಲೆಯ ಹತ್ತಿರವಿದ್ದ ಅವ್ವ ತಿರುಗಿ ನೋಡಲಿಲ್ಲ. ಅವರಿಗೆ ಅದೂ ಗೊತ್ತಿದ್ದ ಹಾಗೆಯೇ ಇತ್ತು.

ಜೀವನವೆಲ್ಲ ಕಬ್ಬು ಬೆಳೆದು ಸಕ್ಕರೆಯ ನಾಡು ಎನಿಸಿಕೊಂಡ ಸೀಮೆಯಲ್ಲಿ ಸಕ್ಕರೆ ಕಾಯಿಲೆಯ ಮಾತನ್ನು ನಗೆಯಾಡಿಯೇ ತೇಲಿಸುವುದು ರೂಢಿ. ಆ ರಾತ್ರಿ ಯಾರೂ ನಗಲಿಲ್ಲ. ಮರುದಿನದಿಂದ ಅಪ್ಪ ಮಗನನ್ನು ಬಸ್ಸಿಗೆ ಬಿಡುವ ನೆಪದಲ್ಲಿ ಹೊರಟು, ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ನಡೆದು ಮನೆಗೆ ಬರತೊಡಗಿದರು. ಒಂದು ದಿನ ಹೋಗುವರು, ಇನ್ನೊಂದು ದಿನ ಇಲ್ಲ. ‘ನಾಕು ದಿವ್ಸದ ಆಟ’ ಎಂಬ ಮಾತು ಮಾತ್ರ ಆ ಮನೆಯಲ್ಲಿ ಮತ್ತೆ ಕೇಳಲಿಲ್ಲ. ಮಕ್ಕಳು ಬಿಟ್ಟುಬಿಡುತ್ತಾರೆ ಎಂದು ಮೊದಲೇ ಸಾರಿಬಿಟ್ಟರೆ, ಬಿಟ್ಟದ್ದನ್ನು ಹೇಳುವ ಬಾಗಿಲನ್ನೂ ಮುಚ್ಚಿದಂತಾಗುತ್ತದೆ.

ಪರೀಕ್ಷೆ ಬಂತು. ಹತ್ತು ದಿನ ಪುಸ್ತಕದಲ್ಲಿ ಗೆರೆ ಬೀಳಲಿಲ್ಲ. ಕಬ್ಬಿನ ಕಟಾವು ಬಂದಾಗ ಇನ್ನೊಂದು ವಾರ. ಈ ಸಲ ಹುಡುಗ ಹೊಳೆ ದಡಕ್ಕೆ ಹೋಗಲಿಲ್ಲ. ಮೊದಲಿಗಿಂತ ಸ್ವಲ್ಪ ಕಡಿಮೆ ಭಾರ ಹಿಡಿದು, ಬಿಟ್ಟಲ್ಲಿಂದ ಹಿಡಿದ. ಗರಡಿಯ ಮಣ್ಣು ಕೂಡ ನಾಲ್ಕು ದಿನ ಅಗೆಯದಿದ್ದರೆ ಗಟ್ಟಿಯಾಗುತ್ತದೆ, ಮತ್ತೆ ಅಗೆದರೆ ಮೆತ್ತಗಾಗುತ್ತದೆ ಎಂದು ತಾತ ಹೇಳಿದ್ದರು. ನೋಟ್‌ಪುಸ್ತಕದ ಮೂರನೆಯ ಹಾಳೆ ತುಂಬುವ ಹೊತ್ತಿಗೆ ಅವನು ಕನ್ನಡಿ ನೋಡುವುದನ್ನೇ ಮರೆತಿದ್ದ.

ಒಂದು ಶುಕ್ರವಾರ ಸಂಜೆ ಅವ್ವ ಚೀಲದಿಂದ ಟವೆಲು ತೆಗೆದು ಮೂಗಿನ ಹತ್ತಿರ ಹಿಡಿದು ಮುಖ ಸಿಂಡರಿಸಿದರು. ಏನೂ ಹೇಳಲಿಲ್ಲ. ಬಕೆಟ್ಟಿಗೆ ಸೋಪಿನ ಪುಡಿಯನ್ನು ಒಂದು ಹಿಡಿ ಜಾಸ್ತಿಯೇ ಹಾಕಿದರು.