ಮುಸ್ಸಂಜೆಯ ಕಾಂಗರೂಗಳು

‘ಕೆ’ ಎಂದರೆ ಕಾಂಗರೂ ಎಂದು ನೀವೂ ಶಾಲೆಯಲ್ಲಿ ಕಲಿತವರೇ ಇರಬೇಕು. ಆ ಪ್ರಾಣಿಯನ್ನು ಅದರ ಬಯಲಿನಲ್ಲೇ ಕಾಣುವ ಯೋಗ ನನಗೆ ಒದಗಿದ್ದು ಕ್ಯಾನ್‌ಬೆರಾದಲ್ಲಿರುವ ಭಾವನ ಮನೆಗೆ ಹೋದಾಗ. ಸೆಪ್ಟೆಂಬರ್ ತಿಂಗಳು, ಅಲ್ಲಿ ಆಗ ವಸಂತದ ಆರಂಭ. ಇಳಿದ ಕೂಡಲೇ “ಮೃಗಾಲಯ ಎಲ್ಲಿದೆ?” ಎಂದು ಕೇಳಿದೆ. ಭಾವ ನಕ್ಕು, “ಮೃಗಾಲಯ ಯಾಕೆ? ಸಂಜೆ ಬೆಟ್ಟದ ಬುಡಕ್ಕೆ ನಡೆದುಹೋಗೋಣ” ಎಂದರು.

ಮೌಂಟ್ ಏನ್ಸ್ಲಿ ಎಂಬ ಆ ಬೆಟ್ಟ ಊರಿಗೆ ಅಂಟಿಕೊಂಡೇ ಇದೆ. ಮನೆಗಳ ಬೇಲಿ ಮುಗಿದಲ್ಲಿ ಹುಲ್ಲು, ನೀಲಗಿರಿ ಮರಗಳು. ಮೊದಲು ಏನೂ ಕಾಣಲಿಲ್ಲ. ಸುಮ್ಮನೆ ನಿಂತೆವು. ಆಮೇಲೆ, ಕೊರಡುಗಳೆಂದು ನಾನು ತಿಳಿದಿದ್ದವಕ್ಕೆ ಒಂದೊಂದಾಗಿ ಕಿವಿ ಮೂಡಿತು! ಪೂರ್ವದ ಬೂದು ಕಾಂಗರೂಗಳು. ಹಗಲು ನೆರಳಲ್ಲಿ ಮಲಗಿದ್ದು, ಮುಸ್ಸಂಜೆಗೆ ಮೇಯಲು ಏಳುತ್ತವೆ. ಮೇಯುವಾಗ ಕುಪ್ಪಳಿಸುವುದಿಲ್ಲ, ಮುಂಗಾಲು, ಬಾಲ ಎರಡನ್ನೂ ನೆಲಕ್ಕೆ ಊರಿ, ಹಿಂಗಾಲುಗಳನ್ನು ಒಟ್ಟಿಗೆ ಮುಂದೆ ಎಳೆದುಕೊಳ್ಳುತ್ತವೆ. ಬಾಲವೇ ಐದನೆಯ ಕಾಲು.

‘ಕಾಂಗರೂ’ ಎಂದರೆ ‘ನನಗೆ ಗೊತ್ತಿಲ್ಲ’ ಎಂಬ ಹಳೆಯ ಕಥೆಯನ್ನು ನಾನು ಹೇಳಿದೆ. ಅದು ಬರೀ ಕಟ್ಟುಕಥೆ ಎಂದರು ಭಾವ. 1770ರಲ್ಲಿ ಕುಕ್‌ನ ಹಡಗು ಎಂಡೆವರ್ ನದಿಯಲ್ಲಿ ದುರಸ್ತಿಗೆ ನಿಂತಾಗ ಅಲ್ಲಿನ ಗೂಗು ಯಿಮಿದಿರ್ ಜನ ಹೇಳಿದ್ದು ‘ಗಂಗುರು’. ಅದು ಅವರ ಭಾಷೆಯಲ್ಲಿ ಒಂದು ಬಗೆಯ ದೊಡ್ಡ ಕಾಂಗರೂವಿನ ಹೆಸರು. ಗೊತ್ತಿಲ್ಲದವರು ಅವರಲ್ಲ, ಕಥೆ ಕಟ್ಟಿದವರು!

ಮರುದಿನ ಪೂರ್ವ ಕರಾವಳಿಯ ಮುರಮರಾಂಗ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆವು. ಅಲ್ಲಿನ ಪೆಬ್ಲಿ ಬೀಚ್‌ನಲ್ಲಿ ಮರಳಿಗೆ ತಾಗಿದ ಹುಲ್ಲಿನ ಮೇಲೆ ಕಾಂಗರೂಗಳು ಮೇಯುತ್ತವೆ. ಹಿಂದೆ ಸಮುದ್ರದ ಮೊರೆತ. ಕತ್ತಲಾಗುವ ಮುನ್ನ ಹೊರಡೋಣ ಎಂದು ಭಾವ ಎರಡು ಸಲ ಹೇಳಿದರು. “ಇನ್ನೈದು ನಿಮಿಷ” ಎಂದವನು ನಾನು.

ಹಿಂದಿರುಗುವ ದಾರಿಯಲ್ಲಿ, ಸರಿಯಾಗಿ ಮುಸ್ಸಂಜೆಗೆ, ಪೊದೆಯಿಂದ ಒಂದು ಕಾಂಗರೂ ಹಾರಿ ನಮ್ಮ ಕಾರಿಗೇ ಬಡಿಯಿತು. ಇಳಿದು ನೋಡಿದಾಗ ಪ್ರಾಣ ಹೋಗಿತ್ತು. ಭಾವ ಟಾರ್ಚ್ ಹಿಡಿದು ಅದರ ಹೊಟ್ಟೆಯ ಚೀಲ ನೋಡಿದರು. ಒಳಗೆ ತೆಳುವಾಗಿ ತುಪ್ಪಳ ಮೂಡಿದ ಮರಿ, ಜೀವಂತ! ಮೊಲೆ ಕಚ್ಚಿದ ಮರಿಯನ್ನು ಎಳೆದರೆ ಬಾಯಿಗೆ ಗಾಯವಾಗುತ್ತದೆ. ಹಾಗಾಗಿ ಮುಟ್ಟದೆ ವನ್ಯಜೀವಿ ರಕ್ಷಕರಿಗೆ ಫೋನ್ ಮಾಡಿ ಕಾದೆವು. ಬಂದ ಮಹಿಳೆ ಮರಿಯನ್ನು ಬಿಡಿಸಿ, ಬಟ್ಟೆಯ ಚೀಲದಲ್ಲಿಟ್ಟು, ಎದೆಗೊತ್ತಿಕೊಂಡರು. ಹುಟ್ಟುವಾಗ ಅವರೆಕಾಳಿನಷ್ಟಿದ್ದು, ಒಂದು ಗ್ರಾಂ ಕೂಡ ತೂಗದ ಜೀವ ಅದು. ಸುಮಾರು 11 ತಿಂಗಳು ತಾಯಿಯ ಚೀಲದಲ್ಲೇ ಬೆಳೆಯಬೇಕಾದದ್ದು. ಹಸುವಿನ ಹಾಲು ಅದಕ್ಕೆ ಒಗ್ಗುವುದಿಲ್ಲವಂತೆ. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಿಮ್ಮಲ್ಲಿ ಹಲವರು ಓದಿಗೆ, ಕೆಲಸಕ್ಕೆ ಆ ದೇಶಕ್ಕೆ ಹೋಗುವವರಿದ್ದೀರಿ. ಕಾಂಗರೂಗಳನ್ನು ಖಂಡಿತ ನೋಡಿ. ಕೆಂಪು ಕಾಂಗರೂವಿಗೆ ಒಳನಾಡಿನ ಸ್ಟರ್ಟ್ ಉದ್ಯಾನ; ಪಶ್ಚಿಮದ ಬೂದು ಕಾಂಗರೂವಿಗೆ ಲಕಿ ಬೇ ಕಡಲತೀರ, ಇಲ್ಲವೆ 2019-20ರ ಕಾಡ್ಗಿಚ್ಚಿನಲ್ಲಿ ಅರ್ಧದಷ್ಟು ಸುಟ್ಟ ಕಾಂಗರೂ ದ್ವೀಪ. ತಿನ್ನಲು ಏನೂ ಕೊಡಬೇಡಿ, ದೂರ ನಿಲ್ಲಿ. ಅವು ಕಾಣಸಿಗುವ ಹೊತ್ತೇ ಅವು ಸಾಯುವ ಹೊತ್ತೂ ಹೌದು. ಆದ್ದರಿಂದ ಮುಸ್ಸಂಜೆಯಲ್ಲಿ ಕಾಲ್ನಡಿಗೆಯಲ್ಲಿರಿ, ಕಾರಿನಲ್ಲಲ್ಲ. ಹೊರಡೋಣ ಎಂದು ಊರಿನವರು ಹೇಳಿದರೆ, ಹೊರಟುಬಿಡಿ.